ಸವೆದದ್ದು ಒಂದು ಕಡೆ, ಹೆರೆದದ್ದು ಇನ್ನೊಂದು ಕಡೆ: ಒಂದು ಲೇತ್ ಬೆಡ್‌ನ ಪ್ರಕರಣ

ಲೇತ್ ಅಂದರೆ ಲೋಹದ ತುಂಡನ್ನು ತಿರುಗಿಸುತ್ತಾ ಟೂಲ್‌ನಿಂದ ಕತ್ತರಿಸುವ ಯಂತ್ರ. ಬೆಡ್ ಅದರ ಉದ್ದನೆಯ ಅಡಿಪಾಯ, ಟೂಲ್ ಹೊತ್ತ ಕ್ಯಾರೇಜ್ ಅದರ ಹಳಿಗಳ ಮೇಲೆ ಓಡುತ್ತದೆ. ಕ್ಯಾರೇಜ್‌ನ ತಳಭಾಗವೇ ಸ್ಯಾಡಲ್. ಈ ಲೇತ್ ಕೈಗೆ ಬಂದ ಮೊದಲ ವಾರವೇ ನನಗೆ ಅನುಮಾನ ಶುರುವಾಯಿತು. ಸ್ಯಾಡಲ್‌ನ ಕೆಳಗಿನ, ಸಡಿಲು ತೆಗೆಯುವ ಜಿಬ್ ಪಟ್ಟಿಯನ್ನು ಚಕ್ (ಕೆಲಸ ಹಿಡಿದು ತಿರುಗಿಸುವ ಭಾಗ) ಹತ್ತಿರ ಸರಿಯಾಗಿ ಬಿಗಿ ಮಾಡಿದರೆ, ಕ್ಯಾರೇಜ್ ಟೇಲ್‌ಸ್ಟಾಕ್ (ಎದುರು ತುದಿಯಿಂದ ಆಸರೆ ಕೊಡುವ ಭಾಗ) ಕಡೆ ಹೋಗುವಷ್ಟರಲ್ಲಿ ಹಿಡಿದುಕೊಳ್ಳುತ್ತಿತ್ತು. ಅಲ್ಲಿ ಸಲೀಸಾಗಿ ಓಡುವ ಹಾಗೆ ಸಡಿಲ ಮಾಡಿದರೆ ಚಕ್ ಹತ್ತಿರ ಲೊಡಲೊಡ ಅನ್ನುತ್ತಿತ್ತು. ಸವೆದ ಬೆಡ್‌ನ ಲಕ್ಷಣವೇ ಇದು. ಲೇತ್‌ನಲ್ಲಿ ಮುಕ್ಕಾಲು ಪಾಲು ಕೆಲಸ ಚಕ್ ಪಕ್ಕದಲ್ಲೇ ನಡೆಯುತ್ತದೆ. ಕ್ಯಾರೇಜ್ ಓಡಾಡುವುದೂ ಅಲ್ಲೇ, ಚಿಪ್ಸ್ ಬೀಳುವುದೂ ಅಲ್ಲೇ. ತಗ್ಗು ಬೀಳುವುದೂ ಅಲ್ಲೇ.

ಯಂತ್ರದ ಬಗ್ಗೆ ಎರಡು ಮಾತು. ಸೆಂಟರ್ (ಕೆಲಸವನ್ನು ತುದಿಯಲ್ಲಿ ಹಿಡಿಯುವ ಮೊನೆ) ಎತ್ತರ 150 ಮಿಮೀ. ಎರಡು ಸೆಂಟರ್ ನಡುವೆ 750 ಮಿಮೀ ಹಿಡಿಯುತ್ತದೆ. ಎರಕದ ಕಬ್ಬಿಣದ ಬೆಡ್. ಸ್ಯಾಡಲ್ ಓಡಲು ಹೊರಗಡೆ ಎರಡು ಹಳಿಗಳಿವೆ: ಮುಂದಿನದು ವಿ ಆಕಾರದ್ದು, ಹಿಂದಿನದು ಚಪ್ಪಟೆ. ಇವೆರಡರ ನಡುವಿನ ಅಂತರ 250 ಮಿಮೀ. ಒಳಗಡೆ ಇನ್ನೊಂದು ಜೋಡಿ ವಿ ಮತ್ತು ಚಪ್ಪಟೆ ಹಳಿ ಇದೆ. ಹೆಡ್‌ಸ್ಟಾಕ್ (ಚಕ್ ತಿರುಗಿಸುವ ಅಕ್ಷವಾದ ಸ್ಪಿಂಡಲ್ ಹೊತ್ತ ಪೆಟ್ಟಿಗೆ), ಟೇಲ್‌ಸ್ಟಾಕ್ ಎರಡೂ ಕೂರುವುದು ಈ ಒಳ ಜೋಡಿಯ ಮೇಲೆ. ಈ ಒಳ ಜೋಡಿಯನ್ನು ನೆನಪಿಟ್ಟುಕೊಳ್ಳಿ, ಇಡೀ ಕೆಲಸ ಅದನ್ನೇ ನಂಬಿ ನಡೆಯಿತು.

ಮೊದಲು 40 ಮಿಮೀ ದಪ್ಪದ ಸರಳೊಂದನ್ನು ಸೆಂಟರ್‌ಗಳ ನಡುವೆ ಹಿಡಿದೆ. ಎರಡು ತುದಿಗೆ ಎರಡು, ಸರಿಯಾಗಿ ಮಧ್ಯಕ್ಕೆ ಒಂದು, ಹೀಗೆ ಮೂರು ಕಾಲರ್ (ಎದ್ದು ನಿಂತ ಪಟ್ಟೆ) ಬಿಟ್ಟು ಉಳಿದ ಕಡೆ ದಪ್ಪ ಕಡಿಮೆ ಮಾಡಿದೆ. ಆಮೇಲೆ ಟೂಲ್ ಅಲುಗಿಸದೆ ಮೂರರ ಮೇಲೂ ಒಂದೇ ತೆಳು ಕಟ್ ಕೊಟ್ಟೆ. ಟೇಲ್‌ಸ್ಟಾಕ್ ಕಡೆಯ ಕಾಲರ್‌ಗೆ ಹೋಲಿಸಿದರೆ ಚಕ್ ಕಡೆಯದು 0.07 ಮಿಮೀ ದಪ್ಪ ಬಂತು. ಮಧ್ಯದ್ದು 0.06 ದಪ್ಪ.

ಆ ಮಧ್ಯದ ಕಾಲರ್ ಇಲ್ಲದಿದ್ದರೆ ನಾನು ದಾರಿ ತಪ್ಪುತ್ತಿದ್ದೆ. ಟೇಲ್‌ಸ್ಟಾಕ್ ಪಕ್ಕಕ್ಕೆ ಸರಿದಿದ್ದರೆ ಸರಳು ಒಂದೇ ಸಮನೆ ಟೇಪರ್ ಆಗುತ್ತದೆ, ಅಂದರೆ ಒಂದು ತುದಿಯಿಂದ ಇನ್ನೊಂದಕ್ಕೆ ತೆಳ್ಳಗಾಗುತ್ತಾ ಹೋಗುತ್ತದೆ. ಆಗ ಮಧ್ಯದ್ದು ಅರ್ಧದಷ್ಟು, ಅಂದರೆ 0.035 ಬರಬೇಕಿತ್ತು. ಬೆಡ್ ಒಂದೇ ಸಮನೆ ತಿರುಚಿಕೊಂಡಿದ್ದರೂ ಸರಿಸುಮಾರು ಹಾಗೇ. ಇಲ್ಲಿ ಹಾಗಾಗಿಲ್ಲ. ಗೆರೆ ನೇರ ಇಲ್ಲ, ಬಾಗಿದೆ. ಹಳಿಯೇ ಸವೆದಿದೆ ಅಂತ ಅರ್ಥ.

ಆದರೂ ಎಲ್ಲರೂ ಮಾಡುವ ಕೆಲಸವನ್ನು ನಾನೂ ಮಾಡಿ ನೋಡಿದೆ. ಟೇಲ್‌ಸ್ಟಾಕ್ ಕಡೆಯ ಕಾಲಿನ ಬೋಲ್ಟ್ ತಿರುಗಿಸಿ, ಬೆಡ್ ಅನ್ನು ಬೇಕೆಂದೇ ಸ್ವಲ್ಪ ತಿರುಚಿ, ಎರಡು ತುದಿಯ ಕಾಲರ್ ಸಮ ಬರುವ ಹಾಗೆ ಮಾಡಿದೆ. ಸಮ ಬಂತು. ಮಧ್ಯದ ಕಾಲರ್ ಮಾತ್ರ 0.025 ದಪ್ಪ ಉಳಿಯಿತು, ಸರಳಿಗೆ ಹೊಟ್ಟೆ ಬಂತು. ಬೋಲ್ಟ್ ಬಿಚ್ಚಿ, ಮೀಟರ್‌ಗೆ 0.02 ಮಿಮೀ ಓರೆಯನ್ನೂ ತೋರಿಸುವ ಲೆವೆಲ್ ಇಟ್ಟು, ಬೆಡ್ ತಿರುಚಿಲ್ಲದ ಸ್ಥಿತಿಗೆ ವಾಪಸ್ ತಂದೆ. ಅಲ್ಲಿಂದ ಮುಂದೆ ಕೆಲಸ ಮುಗಿಯುವವರೆಗೆ ಆ ಕಾಲುಗಳನ್ನು ಮುಟ್ಟಲಿಲ್ಲ. ತಿರುಚಿದ ಬೆಡ್ ಅನ್ನು ನೇರ ಹೆರೆದರೆ (ಹತಾರದಿಂದ ಎತ್ತರದ ಜಾಗವನ್ನು ಸ್ವಲ್ಪ ಸ್ವಲ್ಪವೇ ಕೆರೆದು ತೆಗೆದರೆ), ಬೋಲ್ಟ್ ಸಡಿಲಿಸಿದ ದಿನ ಅದು ಮತ್ತೆ ಸೊಟ್ಟ ಆಗುತ್ತದೆ ಅಲ್ವಾ?

ತಗ್ಗಿನ ಅಳತೆ

ಒಂದು ಎರಕದ ತುಂಡಿನ ತಳವನ್ನು ಒಳ ಜೋಡಿಯ ಮೇಲೆ ಜಾರುವ ಹಾಗೆ ಹೊಂದಿಸಿ, ಅದಕ್ಕೊಂದು ತೋಳು ಕೂಡಿಸಿ, ತುದಿಗೆ 0.002 ಮಿಮೀ ಏರಿಳಿತವನ್ನೂ ತೋರಿಸುವ ಡಯಲ್ ಕಟ್ಟಿದೆ. ಡಯಲ್‌ನ ಮೊನೆ ಹೊರಗಿನ ಹಳಿ ಮೇಲೆ. ಮುಂದಿನ ವಿ ಮೇಲೆ ಒಂದು ಚಿಕ್ಕ ವಿ ಬ್ಲಾಕ್ ಇಟ್ಟು ಅದರ ನೆತ್ತಿ ಮುಟ್ಟಿಸಿದೆ. 50 ಮಿಮೀಗೆ ಒಂದರಂತೆ, ಪ್ರತಿ ಜಾಗದಲ್ಲೂ ಮೂರು ಸಲ ಓದಿ ಬರೆದುಕೊಂಡೆ.

ಒಳ ಜೋಡಿಯನ್ನೇ ಯಾಕೆ ನಂಬಬೇಕು? ಚಕ್ ಹತ್ತಿರ ಟೇಲ್‌ಸ್ಟಾಕ್ ಹೋಗುವುದೇ ಅಪರೂಪ. ಹೋದರೂ ಅದು ದಿನವಿಡೀ ಓಡಾಡುವ ಭಾಗವಲ್ಲ. ಅದಕ್ಕಿಂತ ದೊಡ್ಡ ಕಾರಣ, ಸ್ಪಿಂಡಲ್ ಹೊತ್ತ ಹೆಡ್‌ಸ್ಟಾಕ್ ಇದರ ಮೇಲೇ ಕೂತಿದೆ. ಹೊರಗಿನ ಹಳಿ ಒಳಗಿನದಕ್ಕೆ ಸಮಾನಾಂತರ ಆದರೆ ಸ್ಪಿಂಡಲ್‌ಗೂ ಸಮಾನಾಂತರ ಆಗುತ್ತದೆ. ಹಾಗಾಗಿ ಹೆಡ್‌ಸ್ಟಾಕ್ ಬಿಚ್ಚಲೇ ಇಲ್ಲ. ಒಳ ಜೋಡಿಯಲ್ಲೂ ಟೇಲ್‌ಸ್ಟಾಕ್ ಹೆಚ್ಚಾಗಿ ನಿಲ್ಲುವ ಕಡೆ 0.015 ತಗ್ಗಿತ್ತು. ಅದನ್ನು ಲೆವೆಲ್ ತೋರಿಸಿಕೊಟ್ಟಿತು. ಮೊದಲು ಆ ಜೋಡಿಯನ್ನೇ ಹೆರೆದು ನೇರ ಮಾಡಿ, ಆಮೇಲೆ ಹೊರಗಿನದನ್ನು ಮತ್ತೆ ಅಳೆದೆ.

ಗ್ರಾಫ್ ಹಾಳೆ ಮೇಲೆ ಬಂದ ಚಿತ್ರ ಹೀಗಿತ್ತು. ಹೆಡ್‌ಸ್ಟಾಕ್ ಮೂತಿಯಿಂದ ಸುಮಾರು 170 ಮಿಮೀ ದೂರದಲ್ಲಿ ಮುಂದಿನ ವಿ 0.11 ಮಿಮೀ ಇಳಿದಿದೆ. ಅದೇ ಜಾಗದಲ್ಲಿ ಹಿಂದಿನ ಚಪ್ಪಟೆ ಹಳಿ 0.05 ಇಳಿದಿದೆ. ಕೊನೆಯ 200 ಮಿಮೀ ಹೆಚ್ಚು ಕಡಿಮೆ ಹೊಸದರಂತೆಯೇ ಇದೆ.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಟೂಲ್ ಸುಮ್ನೆ ಕೆಳಗೆ ಇಳಿದರೆ ಅಳತೆ ಅಷ್ಟಾಗಿ ಕೆಡುವುದಿಲ್ಲ. 40 ಮಿಮೀ ಸರಳಿನಲ್ಲಿ ಟೂಲ್ 0.08 (0.11 ಮತ್ತು 0.05ರ ಸರಾಸರಿ) ಇಳಿದರೆ ತ್ರಿಜ್ಯ ಬದಲಾಗುವುದು 0.0002 ಮಿಮೀಗಿಂತ ಕಡಿಮೆ. ಕೆಡಿಸುವುದು ವಾಲುವುದು. ಮುಂದಿನ ಹಳಿ ಹಿಂದಿನದಕ್ಕಿಂತ 0.06 ಜಾಸ್ತಿ ಇಳಿದಿದೆ. ಹಾಗಾಗಿ ಸ್ಯಾಡಲ್ ನಮ್ಮ ಕಡೆಗೆ ವಾಲುತ್ತದೆ. 150 ಮಿಮೀ ಮೇಲಿರುವ ಟೂಲ್ ತುದಿ ಕೆಲಸದಿಂದ 0.036 ದೂರ ಸರಿಯುತ್ತದೆ. ವ್ಯಾಸದಲ್ಲಿ ಅದರ ಎರಡರಷ್ಟು, 0.072. ಕಾಲರ್‌ನಲ್ಲಿ ಸಿಕ್ಕಿದ್ದು 0.07. ಕಾಗದದ ಲೆಕ್ಕ ಮತ್ತು ಸರಳಿನ ಅಳತೆ ಹೀಗೆ ಕೂಡಿ ಬಂದ ಮೇಲೇ ನನಗೆ ಧೈರ್ಯ ಬಂದದ್ದು.

ಈಗ ಇಡೀ ಪ್ರಕರಣದ ತಿರುಳಿಗೆ ಬರುತ್ತೇನೆ. ತಗ್ಗು ಬಿದ್ದ ಜಾಗಕ್ಕೆ ಲೋಹ ತುಂಬಲು ಆಗುವುದಿಲ್ಲ. ಉಳಿದ ಹಳಿಯನ್ನೆಲ್ಲ ಆ ತಗ್ಗಿನ ಮಟ್ಟಕ್ಕೆ ಇಳಿಸಬೇಕು. ಅಂದರೆ ಹೆರೆಯುವುದು ಸವೆಯದ ಜಾಗವನ್ನು. ಚೆನ್ನಾಗಿ ಉಳಿದಿರುವ ಹಳಿ ಮೇಲೆ ಹತಾರ ಇಡಲು ಮನಸ್ಸು ಬರುವುದಿಲ್ಲ. ಆದರೆ ಬೇರೆ ದಾರಿ ಇಲ್ಲ.

0.11 ಇಳಿಸುವುದನ್ನು ಗ್ರೈಂಡಿಂಗ್‌ಗೆ ಕೊಡಬಹುದಿತ್ತು. ತಗ್ಗು 0.2 ದಾಟಿದ್ದರೆ ಕೊಟ್ಟೇ ಬಿಡುತ್ತಿದ್ದೆ. ಬೆಡ್ ಮೇಲ್ಮೈ ಗಟ್ಟಿ ಮಾಡಿದ್ದಾಗಿದ್ದರೂ ಕೊಡಲೇಬೇಕಿತ್ತು. ಮೂಲೆಯಲ್ಲಿ ಅರ ಇಟ್ಟು ನೋಡಿದೆ, ಚೆನ್ನಾಗಿ ಕಚ್ಚಿತು, ಜಾರಲಿಲ್ಲ. ಹಾಗಾಗಿ ಕೈಯಲ್ಲೇ ಹೆರೆಯುವುದು ಅಂತ ತೀರ್ಮಾನ ಮಾಡಿದೆ.

ವಾಲ್ವ್ ಪೇಸ್ಟ್ (ಉಜ್ಜುವ ಪುಡಿ ಬೆರೆಸಿದ ಲೇಪ) ಹಚ್ಚಿ ಸ್ಯಾಡಲ್ ಅನ್ನು ಬೆಡ್ ಮೇಲೆ ಹಿಂದೆ ಮುಂದೆ ಉಜ್ಜಿದರೆ ಸಾಕು ಅನ್ನುವವರಿದ್ದಾರೆ. ದಯವಿಟ್ಟು ಬೇಡ. ಪುಡಿ ಎರಕದ ರಂಧ್ರಗಳಲ್ಲಿ ಸಿಕ್ಕಿಕೊಂಡು ಮುಂದೆಯೂ ಸವೆಸುತ್ತಲೇ ಇರುತ್ತದೆ. ಅದಕ್ಕಿಂತ ಕೆಟ್ಟದ್ದು, ಎರಡು ಮೈಗಳನ್ನು ಉಜ್ಜಿದರೆ ಅವು ಒಂದಕ್ಕೊಂದು ಹೊಂದಿಕೊಳ್ಳುತ್ತವೆ ಅಷ್ಟೇ, ನೇರ ಆಗುವುದಿಲ್ಲ. ಒಂದು ಉಬ್ಬಿ ಇನ್ನೊಂದು ತಗ್ಗಿದ್ದರೂ ಅವು ಪೂರ್ತಿ ಕೂಡುತ್ತವೆ. ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಗ್ಲಾಸ್ಗೋದಲ್ಲಿ ವಿವರಿಸಿದ್ದು ಇದನ್ನೇ: ಮೂರು ಪ್ಲೇಟ್‌ಗಳು ಎರಡೆರಡಾಗಿ ಎಲ್ಲ ಜೋಡಿಯಲ್ಲೂ ಕೂಡಿದರೆ ಮಾತ್ರ ಮೂರೂ ಸಮತಟ್ಟು. ಅವುಗಳನ್ನು ಪುಡಿ ಹಾಕಿ ಉಜ್ಜಬಾರದು, ಹೆರೆಯಬೇಕು ಅಂತಲೂ ಅವರು ಒತ್ತಿ ಹೇಳಿದರು.

ಹೆರೆಯುವ ದಿನಗಳು

ಹತಾರ 25 ಮಿಮೀ ಅಗಲದ ಕಾರ್ಬೈಡ್ ಸ್ಕ್ರೇಪರ್. ತುದಿ ಸ್ವಲ್ಪ ದುಂಡಗೆ. ಎರಕಕ್ಕೆ ಅದರ ಮುಖ ಋಣ ಕೋನದಲ್ಲಿರಬೇಕು, ಅಂದರೆ ಅಗೆಯದೆ ಕೆರೆಯುವ ಓರೆಯಲ್ಲಿ, ಸುಮಾರು 5 ಡಿಗ್ರಿ. ಚೂಪು ಹೋದ ಸ್ಕ್ರೇಪರ್ ಜಾರುತ್ತದೆ, ಜಾರಿದರೆ ನಾವು ಜಾಸ್ತಿ ಒತ್ತುತ್ತೇವೆ, ಒತ್ತಿದರೆ ಗೀರು. ಅದಕ್ಕೆ ಡೈಮಂಡ್ ಕಲ್ಲು ಯಾವಾಗಲೂ ಪಕ್ಕದಲ್ಲೇ ಇರುತ್ತಿತ್ತು.

ಜೊತೆಗೆ 900 ಮಿಮೀ ಉದ್ದದ, 100 ಮಿಮೀ ಎತ್ತರದ ಎರಕದ ಸ್ಟ್ರೈಟ್‌ಎಡ್ಜ್, ಅಂದರೆ ನೇರ ನೋಡುವ ಮಾದರಿ ಪಟ್ಟಿ. ಅದರ ಒಂದು ಅಂಚು ಓರೆ, ವಿ ಬದಿಗಳಿಗೆ ಹೊಂದುತ್ತದೆ. ಅದರ ಮೈಗೆ ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣವನ್ನು ತೆಳ್ಳಗೆ ಸವರಿ, ಹಳಿ ಮೇಲೆ ನಿಧಾನವಾಗಿ ಇಳಿಸಿ, ಎರಡು ಬೆರಳಗಲ ಮಾತ್ರ ಸರಿಸಿ ಎತ್ತಬೇಕು. ಎಲ್ಲಿ ಎತ್ತರ ಇದೆಯೋ ಅಲ್ಲಿ ನೀಲಿ ಕೂರುತ್ತದೆ. ನೀಲಿ ಕೂತ ಜಾಗ ಹೆರೆಯಬೇಕು. ಮತ್ತೆ ಮುದ್ರೆ, ಮತ್ತೆ ಹೆರೆತ. ಇಷ್ಟೇ ಕೆಲಸ. ಆದರೆ ಪ್ರತಿ ಮುದ್ರೆಗೆ ಮುಂಚೆ ನಯವಾದ ಕಲ್ಲಿನಿಂದ ಬರ್ (ಹೆರೆದಾಗ ಏಳುವ ಸಣ್ಣ ಮುಳ್ಳು) ತೆಗೆದು, ಬಟ್ಟೆಯಿಂದ ಒರೆಸಿ, ಕೊನೆಗೆ ಬರಿ ಅಂಗೈಯಿಂದ ಸವರಬೇಕು. ಬಟ್ಟೆ ಬಿಟ್ಟ ಕಣ ಅಂಗೈಗೆ ಸಿಗುತ್ತದೆ. ಒಂದು ಕಣ ಉಳಿದರೂ ಆ ಮುದ್ರೆ ಸುಳ್ಳು.

ಮೊದಲ ಮುದ್ರೆಯಲ್ಲಿ ಟೇಲ್‌ಸ್ಟಾಕ್ ಕಡೆ ಒಂದು ದಪ್ಪ ನೀಲಿ ಪಟ್ಟೆ, ಹೆಡ್‌ಸ್ಟಾಕ್ ಮೂತಿ ಕೆಳಗೆ ಒಂದು ಸಣ್ಣ ಕಲೆ. ನಡುವೆ ಏನೂ ಇಲ್ಲ, ಬರೀ ಬೂದು. ಸ್ಕ್ರೇಪರ್ ಹಿಡಿಯನ್ನು ಸೊಂಟಕ್ಕೆ ಆನಿಸಿ, ಮೈಭಾರದಿಂದ ತಳ್ಳಿ, ಹಳಿಗೆ 45 ಡಿಗ್ರಿ ಓರೆಯಾಗಿ ಹೆರೆಯುತ್ತಾ ಹೋದೆ. ಮುಂದಿನ ಸಲ ಎದುರು ಓರೆ. ದಿಕ್ಕು ಬದಲಿಸದಿದ್ದರೆ ಮೈ ಅಲೆಯಲೆಯಾಗುತ್ತದೆ, ಸ್ಕ್ರೇಪರ್ ಕುಣಿಯತೊಡಗುತ್ತದೆ. ಚೂಪು ಸರಿಯಿದ್ದಾಗ ಸದ್ದು ಮೆತ್ತಗೆ, ಸೀಳಿದ ಹಾಗೆ ಇರುತ್ತದೆ. ಹೆರೆದದ್ದು ಕಪ್ಪು ಹುಡಿಯಾಗಿ ಬೀಳುತ್ತದೆ, ಎರಕದಲ್ಲಿರುವ ಗ್ರಾಫೈಟ್‌ನಿಂದಾಗಿ ಕೈಯೆಲ್ಲ ಕಪ್ಪು. ಒರಟು ಹೆರೆತದಲ್ಲಿ ಒಂದು ಸಲಕ್ಕೆ 5ರಿಂದ 8 ಮೈಕ್ರಾನ್ (0.005ರಿಂದ 0.008 ಮಿಮೀ) ಹೋಗುತ್ತಿತ್ತು. ಕೊನೆಯ ಹಂತದಲ್ಲಿ 2 ಅಥವಾ 3. ಹಿಂದಿನ ಚಪ್ಪಟೆ ಹಳಿಯನ್ನು ಮೊದಲು ಮುಗಿಸಿದೆ, ಅದು ಸುಲಭ. ಮುಂದಿನ ವಿ ನಿಜವಾದ ಕೆಲಸ, ಅದಕ್ಕೆ ಎರಡು ಬದಿ. ಎರಡು ಬದಿಯನ್ನೂ ಒಂದೇ ಸಮನೆ ಇಳಿಸದಿದ್ದರೆ ವಿ ಪಕ್ಕಕ್ಕೆ ಬಾಗುತ್ತದೆ. ಹಾಗಾಗಿ ಡಯಲ್ ಅನ್ನು ಅಡ್ಡಕ್ಕೂ ಇಟ್ಟು ನೋಡುತ್ತಿದ್ದೆ.

ಎಡವಿದ್ದು ಇಲ್ಲೇ. ವಿ ಕೆಲಸದ ಎರಡನೇ ವಾರ ನೀಲಿ ಎರಡೂ ತುದಿಯಲ್ಲೇ ಬರತೊಡಗಿತು. ತುದಿ ಹೆರೆದೆ, ಮತ್ತೆ ತುದಿಯಲ್ಲೇ ಬಂತು, ಮತ್ತೆ ಹೆರೆದೆ. ಮೂರನೇ ಸಂಜೆ ಮುದ್ರೆ ಉದ್ದಕ್ಕೂ ಸೊಗಸಾಗಿ ಹರಡಿತು. ಖುಷಿಯಿಂದ ಮಲಗಿದೆ. ಮರುದಿನ ಬೆಳಗ್ಗೆ ಸುಮ್ನೆ ಒಮ್ಮೆ ಸ್ಟ್ರೈಟ್‌ಎಡ್ಜ್ ಇಟ್ಟು ಒಂದು ತುದಿಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದೆ. ಮೈಗಳು ಸರಿಯಾಗಿ ಕೂಡಿದ್ದರೆ ಅದು ತುದಿಯಿಂದ ಸುಮಾರು ಮೂರನೇ ಒಂದು ಭಾಗದಲ್ಲಿ ಕೀಲಿನ ಹಾಗೆ ತಿರುಗಬೇಕು. ಅದು ನಟ್ಟನಡುವೆ ಗಿರಗಿಟ್ಲೆಯಂತೆ ತಿರುಗಿತು. ಬೆಡ್ ನಡುವೆ ಉಬ್ಬಿದೆ ಅಂತ ಅರ್ಥ. ಡಯಲ್ ಓಡಿಸಿದೆ. ಹೌದು, 0.014 ಉಬ್ಬು.

ಬೆಡ್ ರಾತ್ರೋರಾತ್ರಿ ಉಬ್ಬಿರಲಿಲ್ಲ. ಸ್ಟ್ರೈಟ್‌ಎಡ್ಜ್ ಸಂಜೆಯೆಲ್ಲ ಸೊಟ್ಟ ಇತ್ತು. ಅದರ ಬೆನ್ನಿನ ಪಟ್ಟಿಯನ್ನು ಬರಿಗೈಯಲ್ಲಿ ಹಿಡಿದು ಎತ್ತುತ್ತಿದ್ದೆ. ಮೇಲಿನಿಂದ ದೀಪದ ಬಿಸಿಯೂ ಅದರ ಬೆನ್ನಿಗೇ ಬೀಳುತ್ತಿತ್ತು. ಎರಕದ ಕಬ್ಬಿಣ ಒಂದು ಡಿಗ್ರಿಗೆ ಮೀಟರ್‌ಗೆ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. ಬೆನ್ನು ತಳಕ್ಕಿಂತ ಒಂದೇ ಡಿಗ್ರಿ ಬಿಸಿಯಾದರೂ 900 ಮಿಮೀ ಉದ್ದದ, 100 ಮಿಮೀ ಎತ್ತರದ ಪಟ್ಟಿ ಸುಮಾರು 11 ಮೈಕ್ರಾನ್ ಬಾಗುತ್ತದೆ. ಬೆನ್ನು ಹಿಗ್ಗಿದಾಗ ತುದಿಗಳು ಕೆಳಗಿಳಿಯುತ್ತವೆ. ತುದಿಯಲ್ಲೇ ನೀಲಿ ಬಂದದ್ದು ಅದಕ್ಕೆ. ನಾನು ಬೆಡ್ ಅನ್ನು ಬಿಸಿ ಸ್ಟ್ರೈಟ್‌ಎಡ್ಜ್‌ಗೆ ಹೊಂದುವ ಹಾಗೆ ಹೆರೆದಿದ್ದೆ. ಹೊಂದಿಕೆ ಇತ್ತು, ನೇರ ಇರಲಿಲ್ಲ. ವಾಲ್ವ್ ಪೇಸ್ಟ್ ಬಗ್ಗೆ ಹೇಳಿದ ತಪ್ಪೇ ಬೇರೆ ವೇಷದಲ್ಲಿ ಬಂದಿತ್ತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಹೆರೆದ ಲೋಹವೂ ಹಾಗೆಯೇ, ವಾಪಸ್ ಬರುವುದಿಲ್ಲ. ಪುಣ್ಯಕ್ಕೆ ನಡುವಿನ ಉಬ್ಬನ್ನು ಇಳಿಸಿದರೆ ಸಾಕಿತ್ತು. ಅದಕ್ಕೆ ಇನ್ನೂ ನಾಲ್ಕು ಸಂಜೆ ಹಿಡಿಯಿತು. ಸ್ಟ್ರೈಟ್‌ಎಡ್ಜ್‌ಗೆ ಮರದ ಎರಡು ಹಿಡಿ ಮಾಡಿ ಕೂಡಿಸಿದೆ. ದೀಪವನ್ನು ದೂರ, ಪಕ್ಕಕ್ಕೆ ಸರಿಸಿದೆ. ಮುದ್ರೆ ತೆಗೆದ ಮೇಲೆ ಸ್ಟ್ರೈಟ್‌ಎಡ್ಜ್ ಅನ್ನು ತಂಪಾದ ಕಡೆ, ಎರಡು ಮರದ ತುಂಡಿನ ಮೇಲೆ ಇಟ್ಟೆ. ನಾಲ್ಕು ಮುದ್ರೆಗೊಮ್ಮೆ ಡಯಲ್ ಓಡಿಸುವ ನಿಯಮ ಮಾಡಿಕೊಂಡೆ. ಎಲ್ಲಿ ತಾಗುತ್ತಿದೆ ಅನ್ನುವುದನ್ನು ಬ್ಲೂ ತೋರಿಸುತ್ತದೆ. ಹಳಿ ಎತ್ತ ಹೋಗುತ್ತಿದೆ ಅನ್ನುವುದನ್ನು ಡಯಲ್ ಮಾತ್ರ ತೋರಿಸುತ್ತದೆ.

25 ಮಿಮೀ ಚೌಕದಲ್ಲಿ 12ರಿಂದ 15 ನೀಲಿ ಚುಕ್ಕಿ ಕಂಡಾಗ ಬೆಡ್ ಸಾಕು ಅಂದೆ. ಸಮತಟ್ಟು ನೋಡುವ ಮಾದರಿಯಾದ ಸರ್ಫೇಸ್ ಪ್ಲೇಟ್‌ಗೆ ಇನ್ನೂ ಜಾಸ್ತಿ ಚುಕ್ಕಿ ಬೇಕು. ಓಡುವ ಹಳಿಗೆ ಬೇಡ, ಚುಕ್ಕಿಗಳ ನಡುವಿನ ಸಣ್ಣ ತಗ್ಗುಗಳಲ್ಲೇ ಎಣ್ಣೆ ನಿಲ್ಲುವುದು. ಬೆಡ್ ನಡುವೆ 0.006 ಉಬ್ಬನ್ನು ಬೇಕೆಂದೇ ಬಿಟ್ಟೆ. ಜರ್ಮನಿಯ ಗಿಯೋರ್ಗ್ ಶ್ಲೆಸಿಂಗರ್ 1927ರಲ್ಲಿ ಯಂತ್ರಗಳ ಪರೀಕ್ಷೆಗೆ ಬರೆದಿಟ್ಟ ಮಿತಿಗಳಲ್ಲೂ ಲೇತ್ ಬೆಡ್ ಸ್ವಲ್ಪ ಉಬ್ಬಿರಬಹುದು, ತಗ್ಗಿರಬಾರದು ಅಂತಲೇ ಇದೆ. ಸವೆತ ಹೇಗೂ ತಗ್ಗಿನ ಕಡೆಗೇ ಎಳೆಯುತ್ತದೆ.

ಸ್ಯಾಡಲ್

ಬೆಡ್ ಇಳಿಯಿತು, ಸ್ಯಾಡಲ್‌ನ ತಳವೂ ಸವೆದಿತ್ತು. ಎರಡೂ ಸೇರಿ ಸ್ಯಾಡಲ್ ಮುಂದೆ 0.28, ಹಿಂದೆ 0.22 ಕೆಳಗೆ ಕೂತಿತ್ತು. ಅದರ ಜೊತೆ ಏಪ್ರನ್ (ಸ್ಯಾಡಲ್ ಮುಂದೆ ತೂಗುವ ಪೆಟ್ಟಿಗೆ) ಕೂಡ ಇಳಿದು, ಅದರೊಳಗಿನ ಹಾಫ್ ನಟ್ ಮುಚ್ಚಿದಾಗ ಕ್ಯಾರೇಜ್ ಎಳೆಯುವ ಉದ್ದ ತಿರುಪು, ಲೀಡ್‌ಸ್ಕ್ರೂವನ್ನು ಕೆಳಗೆ ಬಾಗಿಸುತ್ತಿತ್ತು. ಅದಕ್ಕೆ ಸ್ಯಾಡಲ್ ತಳಕ್ಕೆ 0.8 ಮಿಮೀ ದಪ್ಪದ ಟರ್ಸೈಟ್ ಪಟ್ಟಿ ಎಪಾಕ್ಸಿಯಿಂದ ಅಂಟಿಸಿದೆ. ಇದು ಕಂಚಿನ ಪುಡಿ ಬೆರೆಸಿದ ಪಿಟಿಎಫ್ಇ ಎಂಬ ಜಾರುವ ಪ್ಲಾಸ್ಟಿಕ್. ಅಂಟು ಹಿಡಿಯಲು ಸಂಸ್ಕರಿಸಿದ ಮಗ್ಗುಲು ಯಾವುದು ಅಂತ ನೋಡಿಯೇ ಹಚ್ಚಬೇಕು.

ಪಟ್ಟಿಗೆ ಜಾಗ ಮಾಡಲು ಸ್ಯಾಡಲ್ ತಳವನ್ನು ಮಿಲ್ಲಿಂಗ್ ಮಾಡಬೇಕಿತ್ತು, ಅದೊಂದನ್ನು ಹೊರಗೆ ಮಾಡಿಸಿದೆ. ಸ್ಯಾಡಲ್ ಅನ್ನು ತಿರುವಿ ಹಾಕಿ ಸೆಟ್ ಮಾಡುವಾಗ ಸವೆದ ತಳದಿಂದ ಅಳೆಯಬಾರದು, ಮೇಲಿನ ಡವ್‌ಟೇಲ್‌ನ (ಟೂಲನ್ನು ಅಡ್ಡಕ್ಕೆ ಒಯ್ಯುವ ಕ್ರಾಸ್ ಸ್ಲೈಡ್ ಜಾರುವ ಹಳಿ) ಸವೆಯದ ಭಾಗದಿಂದ ಅಳೆಯಬೇಕು. ಇನ್ನೊಂದು ವಿಷಯ ಗಮನಿಸಿ. ಅಂಟಿನ ದಪ್ಪಕ್ಕೆ 0.05, ಹೆರೆಯಲು 0.05 ಬಿಟ್ಟರೆ ಎರಡೂ ಒಂದನ್ನೊಂದು ಸರಿದೂಗಿಸುತ್ತವೆ. ಆಗ ಚಪ್ಪಟೆ ಕಡೆ ತೆಗೆಯಬೇಕಾದದ್ದು 0.80ರಲ್ಲಿ 0.22 ಕಳೆದು 0.58. ವಿ ಕಡೆ ಹಾಗಲ್ಲ. ವಿ ಬದಿಗಳು 45 ಡಿಗ್ರಿ ಓರೆ. ಅಲ್ಲಿ ಪಟ್ಟಿಯ ದಪ್ಪ 1 ಹೆಚ್ಚಿದರೆ ಸ್ಯಾಡಲ್ 1.41 ಏಳುತ್ತದೆ. 0.28 ಏಳಲು ಬದಿಗೆ 0.20 ಸಾಕು, ಹಾಗಾಗಿ ತೆಗೆದದ್ದು 0.60. ಇದನ್ನು ಮರೆತು 0.52 ತೆಗೆದಿದ್ದರೆ ಸ್ಯಾಡಲ್‌ನ ಮುಂಬದಿ ಸುಮಾರು 0.12 ಜಾಸ್ತಿ ಏಳುತ್ತಿತ್ತು.

ಟರ್ಸೈಟ್ ಅನ್ನು ಹೆರೆದು ಬೆಡ್‌ಗೆ ಕೂಡಿಸುವುದು ಮೆತ್ತನೆ ಕೆಲಸ, ಎರಡು ದಿನದಲ್ಲಿ ಮುಗಿಯಿತು. ಆದರೆ ಇಲ್ಲಿ ಬರೀ ಬ್ಲೂ ನೋಡಿ ಹೆರೆದರೆ ಕ್ರಾಸ್ ಸ್ಲೈಡ್ ಎತ್ತಲೋ ತಿರುಗಿಬಿಡುತ್ತದೆ. ಫೇಸ್‌ಪ್ಲೇಟ್‌ಗೆ (ಸ್ಪಿಂಡಲ್ ಮೂತಿಯ ಚಪ್ಪಟೆ ತಟ್ಟೆ) ಡಯಲ್ ಇಟ್ಟು ಕ್ರಾಸ್ ಸ್ಲೈಡ್ ಓಡಿಸಿ, ಲಂಬ ನೋಡಿಕೊಂಡು ವಿ ಬದಿಗಳನ್ನು ಹೆರೆಯುತ್ತಾ ಬಂದೆ. ಫೇಸಿಂಗ್ ಮಾಡಿದ (ಟೂಲನ್ನು ಅಡ್ಡಕ್ಕೆ ಓಡಿಸಿ ಕತ್ತರಿಸಿದ) ಮುಖ ನಡುವೆ ಕೂದಲೆಳೆಯಷ್ಟು ತಗ್ಗಬಹುದು, ಉಬ್ಬಲೇಬಾರದು. ಉಬ್ಬಿದ ಮುಖವನ್ನು ಇನ್ನೊಂದರ ಮೇಲೆ ಇಟ್ಟರೆ ಅಲುಗಾಡುತ್ತದೆ. ಕೊನೆಗೆ 200 ಮಿಮೀ ಮುಖದಲ್ಲಿ ನಡುವೆ 0.008 ತಗ್ಗು ಬಂತು. ಅಲ್ಲಿಗೆ ನಿಲ್ಲಿಸಿದೆ.

ಎಣ್ಣೆಗೆ ತೆಳು ಕಾಲುವೆ ಕೊರೆದು, ಸ್ಯಾಡಲ್‌ನ ಎರಡೂ ತುದಿಗೆ ಹೊಸ ಫೆಲ್ಟ್ ವೈಪರ್ ಹಾಕಿದೆ. ಹಳೆಯ ವೈಪರ್ ಬಿಚ್ಚಿದಾಗ ಅದರೊಳಗೆ ಚಿಪ್ಸ್ ಒತ್ತೊತ್ತಾಗಿ ಹೂತಿದ್ದವು. ಗಟ್ಟಿಯಾಗಿ, ಅರದ ಹಾಗೆ ಆಗಿತ್ತು. ಬೆಡ್ ಸವೆದದ್ದರಲ್ಲಿ ಅದರ ಪಾಲೂ ದೊಡ್ಡದು ಅಂತ ನನ್ನ ಅನಿಸಿಕೆ.

ಸಂಜೆ ಸಂಜೆ ಮಾಡಿದ ಕೆಲಸ, ಒಟ್ಟು ಹನ್ನೊಂದು ವಾರ ಹಿಡಿಯಿತು. ಅದೇ ಸರಳು, ಅದೇ ಮೂರು ಕಾಲರ್ ಮತ್ತೆ ಹಿಡಿದೆ. ಟೇಲ್‌ಸ್ಟಾಕ್ ಕಡೆಗೆ ಹೋಲಿಸಿದರೆ ಚಕ್ ಕಡೆಯದು 0.004, ಮಧ್ಯದ್ದು 0.006. ಜಿಬ್ ಪಟ್ಟಿಯನ್ನು ಚಕ್ ಹತ್ತಿರ ಬಿಗಿ ಮಾಡಿ ಕೈಚಕ್ರ ತಿರುಗಿಸಿದೆ. ಕ್ಯಾರೇಜ್ ಕೊನೆಯವರೆಗೂ ಒಂದೇ ಬಿಗುವಿನಲ್ಲಿ ಹೋಯಿತು. ಒಳ ಜೋಡಿ ಹೆರೆದದ್ದರಿಂದ ಟೇಲ್‌ಸ್ಟಾಕ್ ಮಾತ್ರ ಸ್ಪಿಂಡಲ್‌ಗಿಂತ 0.02 ಕೆಳಗಿದೆ. ಅದರ ತಳಕ್ಕೆ ಶಿಮ್ (ತೆಳು ತಗಡು) ಹಾಕುವುದು ಬಾಕಿ.